ಕಾಲ್ಕುಳಿಗೆ ಹೊಯ್ದ ಎಣ್ಣೆ

ಚಿಕ್ಕಮ್ಮ ಬಂಡೆಯಿಂದ ಬಿದ್ದ ಸುದ್ದಿ ಶಿಕಾರಿಪುರದ ನಮ್ಮ ಮನೆಗೆ ತಲುಪಿದಾಗ ಸಂಕ್ರಾಂತಿ ಕಳೆದಿತ್ತು. ಹೊಸ ಜಿಲ್ಲೆಗಳು ಸೇರಿ ರಾಜ್ಯ ದೊಡ್ಡದಾದ ಮರುವರ್ಷ ಅದು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಮ್ಮನಿಗೆ ಹೋಗಲಾಗದ್ದರಿಂದ ಅವಳ ತಂಗಿಯ ಆರೈಕೆಗೆ ನನ್ನನ್ನೇ ಸೊರಬದ ಬಸ್ಸು ಹತ್ತಿಸಿದರು.

ಸೊರಬದಲ್ಲಿ ಇಳಿದು ಗದ್ದೆಗಳ ನಡುವೆ ಬಹಳ ದೂರ ನಡೆದರೆ ಚಿಕ್ಕಮ್ಮನ ಊರು. ಊರ ಹಿಂದೆ ಕರಿಬಂಡೆಯ ಗುಡ್ಡ. ಚಳಿಗಾಲದಲ್ಲಿ ಹೆಂಗಸರು ಅದನ್ನು ಹತ್ತಿ ಕಲ್ಲುಹೂವು ಕೆರೆದು ತರುತ್ತಿದ್ದರು. ಮಸಾಲೆಗೆ ಹಾಕುವ ಆ ಬೂದುಬಣ್ಣದ ಎಸಳುಗಳಿಗೆ ಸೊರಬದ ಸಂತೆಯಲ್ಲಿ ಗಿರಾಕಿಗಳಿದ್ದರು. ಬಿಸಿಲಿಗೆ ಒಣಗಿದ ಮೇಲೆ ಕೆರೆದರೆ ಪುಡಿಯಾಗುತ್ತದೆ, ಪುಡಿಯನ್ನು ಯಾರೂ ಕೊಳ್ಳುವುದಿಲ್ಲ. ಇಬ್ಬನಿ ಆರುವ ಮೊದಲು ಹತ್ತಿದರೆ ಇಡಿಯಾಗಿ ಏಳುತ್ತದೆ. ಆಗ ಕಲ್ಲೂ ಒದ್ದೆಯಾಗಿರುತ್ತದೆ. ಬಂಡೆ ಕಡಿದಾಗಿರುವಲ್ಲಿ ಹಿಂದೆ ಯಾರೋ ಕೊರೆದ ಕುಳಿಗಳಿವೆ. ಅವುಗಳಲ್ಲಿ ಕಾಲ ಹೆಬ್ಬೆರಳು ಊರಿ ಮೇಲೇರಬೇಕು.

ಹಿಂದಿನ ವರ್ಷ ಪಕ್ಕದ ಮನೆಯ ಸೊಸೆ ಅಂಥದೊಂದು ಕುಳಿಯಿಂದ ಕಾಲು ಜಾರಿ ಬಿದ್ದು ತೀರಿಕೊಂಡಿದ್ದಳು. ಹೇಗೆ ಜಾರಿದಳೆಂದು ಯಾರೂ ಕೇಳಿರಲಿಲ್ಲ. ಬಂಡೆಯ ಮೇಲಿನ ತಾಯಿ ಮುನಿದಿದ್ದಾಳೆ ಎಂದರು. ಯಾರಾದರೂ ಬಿದ್ದ ಕಲ್ಲನ್ನು ಎಣ್ಣೆ ಹೊಯ್ದು ತಣಿಸುವುದು ಆ ಊರಿನ ರೂಢಿ. ಅಂದಿನಿಂದ ಅವಳ ಅತ್ತೆ, ಆ ವಯಸ್ಸಿನಲ್ಲೂ, ಪ್ರತಿ ಅಮಾವಾಸ್ಯೆ ಅಲ್ಲಿಯವರೆಗೆ ಹತ್ತಿ ಆ ಕುಳಿಗೆ ಎಣ್ಣೆ ಹೊಯ್ದು ದೀಪ ಹಚ್ಚಿ ಬರುತ್ತಿದ್ದರು.

ಚಿಕ್ಕಮ್ಮ ನಡುಮನೆಯಲ್ಲಿ ಮಲಗಿದ್ದಳು. ಬಳ್ಳಿಗಾವಿ ಕಡೆಯಿಂದ ಬಂದ ನಾಟಿವೈದ್ಯರು ತೊಡೆಗೆ ಬಿದಿರ ದಬ್ಬೆ ಕಟ್ಟಿ ಹೋಗಿದ್ದರು. ಜೊತೆಗೆ ಬಂಡೆ ಹತ್ತುತ್ತಿದ್ದ ಗೆಳತಿಯೊಬ್ಬಳು ನೋಡಲು ಬಂದಳು.

"ಕಲ್ಲುಹೂವು ತರ್ತೀನಿ ಅಂತ ಹೋಗಿ ಕಲ್ಲನ್ನೇ ಅಪ್ಕಂಡು ಬಂದ್ಯಲ್ಲೇ ಮಾರಾಯ್ತಿ!"

"ನಗಿಸ್ಬ್ಯಾಡ್ವೇ, ಸೊಂಟ ಎಳೀತದೆ."

"ನಾವ್ಯಾರೂ ಹತ್ತಿಲ್ಲ ಕಣೇ. ಅಮಾಸೆಗೆ ಎಣ್ಣೆ ಬೀಳ್ಲಿ, ಮಾರನೇ ದಿನ ಹೋಗಾದು ಅಂದ್ಕಂಡೀವಿ."

ಅವಳು ಹೋದ ಮೇಲೆ ಚಿಕ್ಕಮ್ಮ ನನ್ನನ್ನು ಹತ್ತಿರ ಕರೆದಳು.

"ಕಾಲಡಿ ಜಿಡ್ಡಿತ್ತು ಕಣೇ. ಕುಳಿ ತುಂಬ ಹಳೇ ಎಣ್ಣೆ, ಅದ್ರ ಮ್ಯಾಲೆ ಇಬ್ಬನಿ. ಬೆರಳು ಊರಾಕೇ ಆಗ್ಲಿಲ್ಲ."

"ಹಾಗಾದರೆ ಎಲ್ಲರಿಗೂ ಹೇಳಬೇಕಲ್ಲ ಚಿಕ್ಕಮ್ಮ?"

"ಹೇಳಿದ್ರೆ ಪಕ್ಕದ್ಮನೆ ಅತ್ತೆಗೆ ಗೊತ್ತಾಗಲ್ವಾ? ಸೊಸೆ ಹೋದ ಮ್ಯಾಲೆ ಅವ್ರಿಗೆ ಅದೊಂದೇ ಕೆಲ್ಸ. ನಿಮ್ಮ ಎಣ್ಣೆಗೇ ಬಿದ್ದೆ ಅಂದ್ರೆ ಆ ಜೀವ ಉಳೀತದೇನೆ?"

ಅಮಾವಾಸ್ಯೆ ಹತ್ತಿರವಾಗಿತ್ತು. ಹೊಸ ಎಣ್ಣೆ ಬಿದ್ದ ಮರುದಿನವೇ ಇಬ್ಬನಿಯಲ್ಲಿ ಹೆಂಗಸರೆಲ್ಲ ಅದೇ ಕುಳಿಯಲ್ಲಿ ಕಾಲಿಡುವವರಿದ್ದರು.

ಎಣ್ಣೆ ಹೊಯ್ಯುವ ಪಕ್ಕದ ಮನೆಯ ಅಜ್ಜಿ ತಾವೇ ಬಂದರು. ಅವರ ತವರು ಶಿಕಾರಿಪುರದ ಆಚೆ. ಮಾತಿನಲ್ಲಿ ಆ ಕಡೆಯ ಎಳೆತ ಉಳಿದಿತ್ತು.

"ಏನವ್ವಾ, ನೋವು ಹೆಂಗೈತೆ? ಈ ಅಮಾಸಿಗೆ ನಿನ್ ಹೆಸರಿನಾಗೂ ಒಂದು ಗಿಂಡಿ ಹೊಯ್ತೀನಿ."

ಚಿಕ್ಕಮ್ಮ ಕೈಯೂರಿ ತುಸು ಎದ್ದಳು. "ಅತ್ತೆ, ನಂದೊಂದು ಮಾತು ನಡೆಸ್ಕೊಡ್ರಿ. ಎಣ್ಣೆ ದೀಪ ಎಲ್ಲಾ ಬಂಡೆ ಬುಡದಲ್ಲೇ ಮಾಡ್ರಿ. ನಾನಿನ್ನು ಮ್ಯಾಲೆ ಹತ್ತೋಳಲ್ಲ. ಬುಡದಲ್ಲಿದ್ರೆ ಕೋಲೂರ್ಕಂಡಾದ್ರೂ ಬಂದು ಕೈ ಮುಗೀತೀನಿ."

"ತಾಯಿ ಇರಾಕಿ ಮ್ಯಾಲಲ್ಲೇನವ್ವಾ?"

"ನಮ್ಮನ್ನ ಅಷ್ಟು ಬೇಗ ಕೆಳಗಿಳಿಸ್ತಾಳೆ, ಅವ್ಳಿಗೆ ಇಳಿಯಾಕೆ ಬರಲ್ವಾ?"

ಅಜ್ಜಿ ನಗಲಿಲ್ಲ. ದಬ್ಬೆ ಕಟ್ಟಿದ ಕಾಲನ್ನೇ ನೋಡುತ್ತಿದ್ದರು.

"ನೀ ಬಿದ್ದಿದ್ದು ಅದೇ ಕುಳಿಯಾಗೇನು?"

ಚಿಕ್ಕಮ್ಮ ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡಳು. "ಗೊತ್ತಾಗ್ಲಿಲ್ಲ ಅತ್ತೆ. ಇಬ್ಬನಿ ಇತ್ತು."

"ಇಬ್ಬನಿ ದಿನಾ ಇರ್ತೈತಿ," ಎಂದರು ಅಜ್ಜಿ. ನಾನು ತಂದಿಟ್ಟ ಕಾಫಿ ಕುಡಿಯದೆ ಹೊರಟುಹೋದರು.

ಅಮಾವಾಸ್ಯೆಯ ದಿನ ಅವರು ಬಂಡೆಯ ಕಡೆ ಹೋಗುವುದನ್ನು ಕಂಡು ನಾನೂ ಹಿಂದೆ ಹೋದೆ. ತಡೆಯಬೇಕೆಂದುಕೊಂಡಿದ್ದೆ, ಯಾವ ಮಾತಿನಿಂದ ಎಂಬುದು ತಿಳಿದಿರಲಿಲ್ಲ. ನಾನು ಬುಡ ಮುಟ್ಟುವಷ್ಟರಲ್ಲಿ ಅವರು ಆ ಕುಳಿಯ ಹತ್ತಿರವಿದ್ದರು. ಒಂದು ಕೈಯಲ್ಲಿ ಬಂಡೆಯ ಬಿರುಕನ್ನು ಹಿಡಿದು, ಇನ್ನೊಂದರಲ್ಲಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಉಡಿಯಿಂದ ಬೂದಿ ತೆಗೆದು ಹಾಕುವರು, ಸೀಗೆಪುಡಿ ಹಾಕುವರು, ಸೊಂಟಕ್ಕೆ ಕಟ್ಟಿಕೊಂಡ ತಂಬಿಗೆಯಿಂದ ನೀರು ಸುರಿಯುವರು, ಮತ್ತೆ ಉಜ್ಜುವರು. ಕಪ್ಪು ನೀರು ಬಂಡೆಯ ಮೇಲೆ ಗೆರೆಯಾಗಿ ಇಳಿದು ನನ್ನ ಕಾಲ ಬಳಿ ಬಂತು. ಅದರಲ್ಲಿ ಹಳಸಿದ ಎಣ್ಣೆಯ ವಾಸನೆ ಇತ್ತು.

ಕೆಳಗಿಳಿದಾಗ ಅವರ ಬೆರಳ ಗಿಣ್ಣುಗಳು ಸುಲಿದಿದ್ದವು. ನನ್ನನ್ನು ಕಂಡು ಬೆಚ್ಚಲಿಲ್ಲ.

"ನಿಮ್ಮ ಚಿಕ್ಕವ್ವಗ ಹೇಳಬ್ಯಾಡ," ಎಂದರು. "ನನಗ ತಿಳೀಬಾರ್ದು ಅಂತ ಅಷ್ಟು ಕಷ್ಟಪಟ್ಟು ಮಾತಾಡ್ಯಾಳ."

ಬುಡದಲ್ಲಿ ದೀಪ ಹಚ್ಚಿ ನಡೆದುಬಿಟ್ಟರು.

ಹೆಂಗಸರಿಗೆ ಚಿಕ್ಕಮ್ಮ ನನ್ನಿಂದ ಇಬ್ಬನಿಯ ಮಾತನ್ನಷ್ಟೇ ಹೇಳಿಸಿದಳು: ಒದ್ದೆ ಕಲ್ಲು ಜಾರುತ್ತದೆ, ಬಿಸಿಲು ಬಂದ ಮೇಲೆ ಕುಳಿ ಒರೆಸಿ ಹತ್ತಿ. ಅವರು ಬಿಸಿಲು ಕಲ್ಲಿಗೆ ತಾಗಿದ ಮೇಲೆ ಹತ್ತತೊಡಗಿದರು. ಕುಳಿಯನ್ನು ಮೊದಲು ಅಂಗೈಯಿಂದ ಸವರಿ, ಬೂದಿ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕಾಲು. ಪುಡಿ ಹೆಚ್ಚಾಯಿತೆಂದು ಗೊಣಗಿದವರೂ ಹಾಗೇ ಹತ್ತಿದರು. ನಾನಿದ್ದಷ್ಟು ದಿನ ಮತ್ತೆ ಯಾರೂ ಬೀಳಲಿಲ್ಲ.

ಚಿಕ್ಕಮ್ಮನ ಮೂಳೆ ಕೂಡಿತು, ಆದರೆ ಕಾಲು ಗಿಡ್ಡವಾಯಿತು. ಅಜ್ಜಿ ಮಾತ್ರ ಮತ್ತೆ ನಮ್ಮ ಜಗಲಿ ಹತ್ತಲಿಲ್ಲ. ಬಾವಿಯ ಹತ್ತಿರ ನನ್ನನ್ನು ಕಂಡರೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋಗುತ್ತಿದ್ದರು.

"ಅತ್ತೆ ಯಾಕೆ ಈ ಕಡೆ ಬರ್ತಾನೇ ಇಲ್ಲ?" ಎಂದು ಚಿಕ್ಕಮ್ಮ ಒಂದು ದಿನ ಕೇಳಿದಳು.

"ಮೊಣಕಾಲು ನೋವಂತೆ," ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಮೆಲ್ಲಗೆ ಗೋಡೆಯ ಕಡೆ ತಿರುಗಿ ಮಲಗಿದಳು.