ಗುಡ್ಡದ ಮೊದಲ ಗೊನೆ

"ನನ್ನ ಮಗಳ ಮಡಿಲಿಗೆ ನನ್ನ ನೆಲದ ಕಾಯೇ ಬೀಳ್ಬೇಕು. ಅಲ್ಲೀಗಂಟ ನನ್ನ ಒಲೆ ಹತ್ರ ತೆಂಗಿನಕಾಯಿ ಬರಾಕಿಲ್ಲ."

ಹತ್ತು ವರ್ಷದ ಹಿಂದೆ, ಅಣ್ಣತಮ್ಮಂದಿರ ಹಿಸ್ಸೆಯಾದ ದಿನ, ಗುರುಸಿದ್ದಮ್ಮ ತುಂಬಿದ ಮನೆಯಲ್ಲಿ ಹೀಗೆಂದರು. ಕೆರೆ ಕೆಳಗಿನ ತೆಂಗಿನ ತೋಟ ಬಾವ ಜಯದೇವಪ್ಪನವರಿಗೆ ಹೋಗಿತ್ತು. ಗಂಡ ಮರುಳಪ್ಪನವರ ಪಾಲಿಗೆ ಬಂದದ್ದು ಹಾರನಹಳ್ಳಿ ಆಚೆಯ ಕಲ್ಲುಗುಡ್ಡದ ಬೀಳು. ಮನೆ ಬಿಡುವವಳ ಮಡಿಲು ಬರಿದಿರಬಾರದೆಂದು ಬಾವ ಹಾಕಿಸಿದ ಕಾಯಿಯನ್ನು ಹೊಸ್ತಿಲ ಮೇಲಿಟ್ಟು ದಾಟಿ ಬಂದವರು ಈಕೆ.

ಈಗ ಇನ್ನೂ ನಸುಗತ್ತಲು. ಕೆಳಗಿನ ನೀರಿನ ಕಟ್ಟೆಯಿಂದ ಕೊಡ ಹೊತ್ತು ಗುರುಸಿದ್ದಮ್ಮ ಏರು ಹತ್ತುತ್ತಿದ್ದಾರೆ. ಹಿಂದೆ ಮಗಳು ಶಿವಗಂಗ. ಪ್ರತಿ ತೆಂಗಿನ ಬುಡದಲ್ಲೂ ಕತ್ತಿನವರೆಗೆ ಹೂತ ಮಣ್ಣಿನ ಮಡಕೆಯಿದೆ. ಅದರ ತಳದ ತೂತಿಗೆ ಹಳೆ ಸೀರೆಯ ಚಿಂದಿ ತುರುಕಿದ್ದಾರೆ. ತುಂಬಿಸಿದ ನೀರು ದಿನವಿಡೀ ಬೇರಿಗೆ ಜಿನುಗುತ್ತದೆ.

"ಅವ್ವ, ಗೆಂಡೆಹಳ್ಳೀಲಿ ಬಾವಿ ಮನೆ ಹಿತ್ತಲಲ್ಲೇ ಐತಂತೆ" ಎನ್ನುತ್ತಾಳೆ ಶಿವಗಂಗ. ಸೋಮವಾರ ಅವಳ ಮದುವೆ, ಗೆಂಡೆಹಳ್ಳಿಯ ಗಂಡಿನೊಂದಿಗೆ.

"ಹಂಗಾರೆ ಸೋಮಾರಿ ಆಗೋಯ್ತೀಯ ಬಿಡು!"

ಇಲ್ಲಿಗೆ ಬಂದಾಗ ಇದ್ದದ್ದು ತಂಗಡಿ, ಬಂದರೆಯಂಥ ಕುರುಚಲು ಗಿಡ, ಅವುಗಳ ನಡುವೆ ಬಂಡೆ. ಗಂಡ ಹೆಂಡತಿ ಹಾರೆ ಪಿಕಾಸಿ ಹಿಡಿದು ನೆಲ ಬಿಡಿಸಿದರು. ಎಬ್ಬಿಸಿದ ಕಲ್ಲೇ ಗೋಡೆಯಾಯಿತು, ಹುಲ್ಲು ಸೂರಾಯಿತು. ಮೊದಲ ಮಳೆಗಾಲದಲ್ಲಿ ಚಿರತೆ ಬಾಗಿಲಲ್ಲಿ ಕಟ್ಟಿದ್ದ ಕರುವನ್ನು ಎಳೆದೊಯ್ದಿತು. ಮರುದಿನವೂ ಇಬ್ಬರೂ ಹುರುಳಿ ಬಿತ್ತಿದರು.

ಗುರುಸಿದ್ದಮ್ಮನ ಬಾಣಾವರದ ತವರಿನಿಂದ ತಂದ ತೆಂಗಿನ ಸಸಿಗಳನ್ನು ಮರುಳಪ್ಪ ತಮ್ಮ ಅಪ್ಪ ಕಲಿಸಿದಂತೆ ನೆಟ್ಟರು. ಕೆರೆ ಕೆಳಗಿನ ಹಸಿ ನೆಲದಲ್ಲಿ ಬೇರು ಕೊಳೆಯದಿರಲೆಂದು ಸಸಿಯನ್ನು ಮೇಲಾಗಿ ನೆಡುವುದು ವಾಡಿಕೆ. ಗುಡ್ಡದಲ್ಲೂ ಹಾಗೇ ನೆಟ್ಟದ್ದಕ್ಕೆ ಮೊದಲ ಬೇಸಿಗೆಯಲ್ಲೇ ಎಲ್ಲವೂ ಸುಟ್ಟು ಹೋದವು. "ಅಪ್ಪ ಕಲಿಸಿದ್ದು ಬಿಡೋಕಾಗ್ಲಿಲ್ಲ ನಂಗೆ" ಎಂದು ಅವರು ಈಗಲೂ ತಲೆ ಕೆರೆದುಕೊಳ್ಳುತ್ತಾರೆ. ಮರುವರ್ಷ ಆಳುದ್ದ ಗುಂಡಿ ತೋಡಿ, ಕೆರೆಯ ಗೋಡುಮಣ್ಣು ತುಂಬಿ, ಹೊಸ ಸಸಿಗಳನ್ನು ಆಳಕ್ಕೆ ನೆಟ್ಟು, ಬುಡದಲ್ಲಿ ಮಡಕೆ ಹೂತರು. ಊರು ನಕ್ಕಿತು. ಸಂತೆಯಲ್ಲಿ ಗುರುಸಿದ್ದಮ್ಮನನ್ನು ಕಂಡರೆ, "ಏನಮ್ಮೋ, ಕಲ್ಲಿಗೆ ನೀರು ಕುಡಿಸಿದ್ಯಾ?" ಎನ್ನುವವರೇ.

ಮನೆ ಸಾರಿಗೆ ಹಿಸ್ಸೆಯಾದಂದಿನಿಂದ ಕಾಯಿಯ ಬದಲು ಹುಚ್ಚೆಳ್ಳಿನ ಪುಡಿ. ಹಬ್ಬಕ್ಕೂ ಅದೇ. ತೆಂಗಿನ ಸೀಮೆಯಲ್ಲಿ ಕಾಯಿಲ್ಲದ ಸಾರುಂಡ ನೆಂಟರು ಆಡಿಕೊಂಡರು. ಆಕೆ ಮತ್ತೊಂದು ಸೌಟು ಬಡಿಸಿದರು.

ಈ ವರ್ಷ ಒಂದೇ ಒಂದು ಮರದಲ್ಲಿ ಗೊನೆ ಬಲಿತಿದೆ. ಉಳಿದವು ಈಗಷ್ಟೇ ಹೊಂಬಾಳೆ ಒಡೆದಿವೆ. ಹೊಸ ತೋಟದ ಮೊದಲ ಗೊನೆಯನ್ನು ಒಂದು ಕಾಯಿಯನ್ನೂ ಕೀಳದೆ ಮಠಕ್ಕೊಪ್ಪಿಸುವುದು ಈ ಮನೆತನದ ಪದ್ಧತಿ. ಒಪ್ಪಿಸಿದರೆ ಮಗಳ ಮಡಿಲಿಗೆ ಕಾಯಿಲ್ಲ.

ಬಿಸಿಲೇರುವ ಹೊತ್ತಿಗೆ ಜಯದೇವಪ್ಪನವರೇ ಕೋಲೂರಿಕೊಂಡು ಬರುತ್ತಾರೆ. ಕತ್ತೆತ್ತಿ ಮರ ನೋಡುತ್ತಾರೆ.

"ಏನಮ್ಮ, ಗೊನೆ ಮಠಕ್ಕೆ ಕಳಿಸ್ತೀಯಲ್ಲ? ಮದುವೆಗೆ ನಮ್ಮ ತೋಟದ ಕಾಯಿ ಗಾಡಿ ತುಂಬ ಕಳಿಸ್ತೀನಿ. ಸಾಕು ಮಾಡು ನಿನ್ನ ಬಿಂಕ."

ಗುರುಸಿದ್ದಮ್ಮ ಸೆರಗು ತಲೆ ಮೇಲೆಳೆದುಕೊಳ್ಳುತ್ತಾರೆ. "ಎತ್ತಿಗ್ಯಾಕೆ ಆಯಾಸ, ಬಾವ? ಈ ಗುಡ್ಡ ಹತ್ತೋಕೆ ನಿಮಗೇ ಏದುಸಿರು ಬಂದೈತೆ. ಕೂತ್ಕೊಳಿ, ನೀರು ಕುಡೀರಿ."

ಮರುಳಪ್ಪ ಮೆಲ್ಲಗೆ, "ಪದ್ಧತಿ ಮುರಿದ್ರೆ ಜನ ಏನಂದಾರು, ಸಿದ್ದಿ?" ಎನ್ನುತ್ತಾರೆ.

"ಜನ ಹತ್ತು ವರ್ಷದಿಂದ ಅಂತಾನೇ ಅವ್ರಲ್ಲ!" ಮಗಳನ್ನು ಹತ್ತಿರ ಎಳೆದು, ಕೊಡದಡಿಯ ಸಿಂಬಿ ಒತ್ತಿ ಒತ್ತಿ ಕೂದಲು ಸವೆದ ನೆತ್ತಿಯನ್ನು ತೋರಿಸುತ್ತಾರೆ. "ನೋಡ್ರಿ ಬಾವ. ಮಳೆ ಕೊಟ್ಟ ವರ್ಷ ಶಿವ ಕೊಟ್ಟ, ಇಲ್ಲ ಅನ್ನಲ್ಲ. ಕೊಡದ ವರ್ಷ ನೀರು ಹೊತ್ತೋಳು ಇವಳು. ಮೊದಲ್ನೇ ಗೊನೆ ಇವಳದು. ಎರಡನೇದು ನಾನೇ ಹೊತ್ಕೊಂಡು ಮಠಕ್ಕೆ ಹೋಯ್ತೀನಿ. ಯಾಕೆ ತಡ ಆಯ್ತು ಅಂತ ಸ್ವಾಮ್ಗಳಿಗೆ ನಾನೇ ಹೇಳ್ತೀನಿ. ಬೈದ್ರೆ ಬೈಸ್ಕೊತೀನಿ."

ಜಯದೇವಪ್ಪ ಶಿವಗಂಗ ತಂದ ಚೊಂಬಿನ ನೀರು ಕುಡಿದು, ಮತ್ತೊಮ್ಮೆ ಮರ ನೋಡಿ, ಇಳಿದು ಹೋಗುತ್ತಾರೆ. ಮರುಳಪ್ಪ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮರದ ಬುಡಕ್ಕೆ ನಡೆಯುತ್ತಾರೆ.

ಸೋಮವಾರ ಹಸೆಯ ಮೇಲೆ ಕೂತ ಶಿವಗಂಗಳ ಮಡಿಲಿಗೆ ಅಕ್ಕಿ ಬೆಲ್ಲದ ಜೊತೆ ಗುಡ್ಡದ ಕಾಯಿ ಬಿತ್ತು. ಅಂದು ಸಂಜೆ ಗುರುಸಿದ್ದಮ್ಮ ಸಾರಿಗೆ ಕಾಯಿ ತುರಿದರು. ಆಡಿದ ಮಾತು ನಡೆಯಿತು.