ಮೀಸೆ ಇಲ್ಲದ ತಾಮ್ರಮುಖ

ಅವರ ಎಡಗೈಯ ನಿಜವಾದ ಬಣ್ಣ ಯಾವುದೆಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಬೋರ್ಡು ಬರೆಯುವ ಮೊದಲು ಬಣ್ಣ ಹದಕ್ಕೆ ಬಂದಿದೆಯೇ ಎಂದು ನೋಡಲು ಅವರು ಕುಂಚವನ್ನು ತಮ್ಮ ಮುಂಗೈಗೆ ಒಂದು ಸಲ ಎಳೆಯುತ್ತಿದ್ದರು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೇಕರಿಯ ಹಳದಿ, ಮದ್ದಿನ ಅಂಗಡಿಯ ಹಸಿರು, ಜವಳಿ ಅಂಗಡಿಯ ನೇರಳೆ ಒಂದರ ಮೇಲೊಂದು ಕೂತಿರುತ್ತಿದ್ದವು. ಚುನಾವಣೆಯ ಹೊತ್ತಿನಲ್ಲಿ ಊರಿನ ಎಲ್ಲ ಪಕ್ಷಗಳೂ ಆ ಒಂದು ಕೈಯಲ್ಲಿ ಒಟ್ಟಿಗೆ ಇರುತ್ತಿದ್ದವು.

ಕಾಸರಗೋಡಿನ ಹತ್ತಿರದ ಬಂದ್ಯೋಡು ಪೇಟೆಯಲ್ಲಿ ಎಲ್ಲರೂ ಅವರನ್ನು ಪೈಂಟರ್ ಎಂದು ಕರೆಯುತ್ತಿದ್ದರು. ನಾನು ಮಾತ್ರ ಬೋರ್ಡ್ ಮಾಮ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಅಪ್ಪ ಶಾರ್ಜಾದಲ್ಲಿದ್ದರು, ಅಮ್ಮನಿಗೆ ಅಂಗನವಾಡಿಯಲ್ಲಿ ಕೆಲಸ. ಶಾಲೆ ಬಿಟ್ಟು ಬಸ್ಸಿಳಿದು ನಾನೊಬ್ಬಳೇ ಬೀಗ ಹಾಕಿದ ಮನೆಗೆ ಹೋಗುವುದು ಬೇಡವೆಂದು ಅಮ್ಮ ನನಗೆ ಅವರ ಅಂಗಡಿಯಲ್ಲಿ ಕೂರಲು ಹೇಳಿದ್ದಳು. ಅಲ್ಲಿ ಒಂದು ಸ್ಟೂಲು, ಟರ್ಪೆಂಟೈನ್ ವಾಸನೆ, ಹಗ್ಗದಲ್ಲಿ ಕಟ್ಟಿಟ್ಟ ಮಕ್ಕಳ ವಾರಪತ್ರಿಕೆಯ ಹಳೆಯ ಸಂಚಿಕೆಗಳು. ಅವುಗಳ ಕೊನೆಯ ಎರಡು ಪುಟಗಳ ಚಿತ್ರಕಥೆಯಲ್ಲಿ ತಾಮ್ರಮುಖ ಬರುತ್ತಿದ್ದ.

ತಾಮ್ರಮುಖ ಆ ಚಿತ್ರಕಥೆಯ ಖಳನಾಯಕ. ದೊಡ್ಡ ಹೊಟ್ಟೆ, ಮುಖಕ್ಕೆ ತಾಮ್ರದ ಮುಖವಾಡ, ಆ ಮುಖವಾಡದ ಮೇಲೆ ಕೋಣದ ಕೊಂಬಿನ ಹಾಗೆ ಎರಡೂ ಕಡೆಗೆ ಬಾಗಿದ ತಾಮ್ರದ್ದೇ ಮೀಸೆ. ಪ್ರತಿ ವಾರ ಏನಾದರೊಂದು ಕದಿಯಲು ಹೊರಟು, ಪ್ರತಿ ವಾರ ಸೋತು, ಮೀಸೆ ಸರಿಮಾಡಿಕೊಂಡು ಹೋಗುತ್ತಿದ್ದ. ಬೋರ್ಡ್ ಮಾಮನಿಗೆ ಅವನೆಂದರೆ ಪ್ರಾಣ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನ ಮಾತುಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ನಗು ಬಂದಲ್ಲಿ ಹೊಟ್ಟೆ ಕುಣಿಸಿ ನಗುತ್ತಿದ್ದರು. ಪಕ್ಕದ ಗೂಡಂಗಡಿಯವರು ಬಗ್ಗಿ ನೋಡುವಷ್ಟು.

"ಎಲ್ಲರಿಗೂ ಹೀರೋ ಇಷ್ಟ, ನಿಮಗೆ ಯಾಕೆ ಇವ?" ಎಂದು ಕೇಳಿದ್ದೆ.

"ಹೀರೋ ಗೆಲ್ತಾನೆ ಅಂತ ಅವನಿಗೆ ಮೊದಲೇ ಗೊತ್ತುಂಟು. ಇವ ಸೋಲ್ತೇನೆ ಅಂತ ಗೊತ್ತಿದ್ದೂ ಪ್ರತಿ ವಾರ ಮೀಸೆ ತಿರುವಿಕೊಂಡು ಬರ್ತಾನೆ. ಧೈರ್ಯ ಯಾರದ್ದು, ನೀನೇ ಹೇಳು."

ನಾನು ಚಿತ್ರ ಬಿಡಿಸಲು ಕಲಿತದ್ದು ಆ ಮೀಸೆಯಿಂದ. ಸ್ಲೇಟಿನಲ್ಲಿ, ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ನೂರಾರು ಮೀಸೆ ಬರೆದಿದ್ದೇನೆ. ಅವರು ಸುಮ್ಮನೆ ಹೊಗಳುವವರಲ್ಲ. ತಾವು ಬರೆದ ಬೋರ್ಡನ್ನೂ ಗೋಡೆಗೊರಗಿಸಿ, ನನ್ನ ಕೈ ಹಿಡಿದು ಹೆದ್ದಾರಿ ದಾಟಿಸಿ, ಆ ಬದಿಯಿಂದ ನಿಂತು ನೋಡುತ್ತಿದ್ದರು. ಎಡೆಯಲ್ಲಿ ಲಾರಿಗಳು ಹೋಗುತ್ತಿದ್ದವು. "ಬಸ್ಸಿನಲ್ಲಿ ಹೋಗುವವನಿಗೆ ಓದ್ಲಿಕ್ಕೆ ಆಗ್ಬೇಕು. ಹತ್ತಿರ ನಿಂತು ಚಂದ ಉಂಟು ಅಂತ ಹೇಳುವವರು ನಮ್ಮ ಸಂಬಂಧಿಕರು ಮಾತ್ರ" ಎನ್ನುತ್ತಿದ್ದರು. ನನ್ನ ಚಿತ್ರ ಹಿಡಿಸದಿದ್ದರೆ "ಇದು ಸರಿ ಬರ್ಲಿಲ್ಲ" ಎಂದು ಅಷ್ಟೇ ಹೇಳಿ ಹಿಂದಕ್ಕೆ ಕೊಡುತ್ತಿದ್ದರು. ಯಾಕೆ ಎಂದು ಕೇಳಿದರೆ ಮಾತ್ರ ಹೇಳುತ್ತಿದ್ದರು.

ನಾನು ದೊಡ್ಡವಳಾಗುವ ಹೊತ್ತಿಗೆ ಫ್ಲೆಕ್ಸ್ ಬಂತು. ಅವರು ತಿಂಗಳುಗಟ್ಟಲೆ ಸಿಟ್ಟಿನಲ್ಲಿದ್ದು, ಆಮೇಲೆ ಸಾಲ ಮಾಡದೆ ಹೆಂಡತಿಯ ಬಳೆ ಮಾರಿ ಕಂಪ್ಯೂಟರು, ಪ್ರಿಂಟಿಂಗ್ ಮೆಶಿನು ತಂದರು. ಫ್ಲೆಕ್ಸ್ ನಿಲ್ಲಿಸಬೇಕೆಂದು ಸರಕಾರ ಹೇಳಿದಾಗ ಬಟ್ಟೆಯ ಬ್ಯಾನರಿಗೆ ಬದಲಾದರು. ಕೈ ಶುಭ್ರವಾಯಿತು. ಆ ಕೈಯನ್ನು ಮೊದಲ ಸಲ ನೋಡಿದಾಗ ಬೇರೆ ಯಾರದೋ ಕೈ ಎನಿಸಿತ್ತು. ನಾನು ಚಿತ್ರಕಲೆ ಓದಿ ಕೊಚ್ಚಿಯಲ್ಲಿ ಸಿನೆಮಾಗಳಿಗೆ ವೇಷ, ಮುಖ, ಆಯುಧಗಳ ರೂಪ ಬರೆದುಕೊಡುವ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ.

ಹಾಗೆ ಒಂದು ದಿನ ಆ ಚಿತ್ರಕಥೆಯೇ ಸಿನೆಮಾ ಆಗುವ ಕೆಲಸ ನಮ್ಮ ಸ್ಟುಡಿಯೋಗೆ ಬಂತು. ತಾಮ್ರಮುಖನಿಗೆ ಹೊಸ ರೂಪ ಕೊಡುವ ಕೆಲಸ ನನ್ನ ಪಾಲಿಗೆ. ಯಾರಿಗೂ ಹೇಳಬಾರದೆಂದು ಸಹಿ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಅಮ್ಮನಿಗೂ ಹೇಳಲಿಲ್ಲ. ನಿರ್ದೇಶಕರಿಗೆ ನಗಿಸುವ ಖಳ ಬೇಕಿರಲಿಲ್ಲ. ನಾನು ಹೊಟ್ಟೆ ಇಳಿಸಿದೆ. ಮುಖವಾಡವನ್ನು ಬೆಂಕಿಯಲ್ಲಿ ಬೆಂದು ಒಡೆದ ತಾಮ್ರದಂತೆ ಬರೆದೆ. ನಟನ ಬಾಯಿ ಕಾಣಬೇಕಾಗಿತ್ತು, ಹಾಗಾಗಿ ಮೀಸೆ ತೆಗೆದೆ. ಮೀಸೆ ಇದ್ದ, ಇಲ್ಲದ ಹಲವು ಚಿತ್ರ ಮಾಡಿ ನೋಡಿ, ಇಲ್ಲದ್ದೇ ಸರಿಯೆಂದು ನಾನೇ ವಾದಿಸಿದೆ.

ಮೊದಲ ಪೋಸ್ಟರ್ ಬಿಡುಗಡೆಯಾದಾಗ ಚಿಕ್ಕಮ್ಮನ ಮಗಳ ಮದುವೆಗೆಂದು ನಾನು ಊರಿಗೆ ಬಂದಿದ್ದೆ. ಬೆಳಿಗ್ಗೆ ಪೇಟೆಗೆ ಹೋದವಳು ಅಭ್ಯಾಸದಂತೆ ಅವರ ಅಂಗಡಿಗೆ ಹೊಕ್ಕೆ. ಅಲ್ಲಿ ಊರಿನ ಸಿನೆಮಾ ಅಭಿಮಾನಿ ಸಂಘದ ನಾಲ್ಕೈದು ಯುವಕರು ಒಂದು ಮೊಬೈಲಿನ ಸುತ್ತ ನಿಂತಿದ್ದರು. ಬೋರ್ಡ್ ಮಾಮ ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದಿದ್ದರು. ಆಮೇಲೆ ಅದನ್ನು ಕೈಯುದ್ದ ದೂರ ಹಿಡಿದು ನೋಡಿದರು.

"ಇದೆಂತದು ಮಾರಾಯ! ತಾಮ್ರಮುಖನಿಗೆ ಕಾಮಾಲೆ ಬಂದದ್ದಾ?"

ಎಲ್ಲರೂ ನಕ್ಕರು. ಸಂಘದ ಸೆಕ್ರೆಟರಿ, ಗಡ್ಡದ ಯುವಕ, ಕೆಳಗಿನ ಕಮೆಂಟುಗಳನ್ನು ಓದುತ್ತಾ ಹೋದ. ಸಾವಿರಾರು ಜನ ಬೈದಿದ್ದರು. ಹೊಟ್ಟೆ ಎಲ್ಲಿ, ಮೀಸೆ ಎಲ್ಲಿ, ಇವ ಹಸಿದು ಬಂದವನಾ ಎಂದೆಲ್ಲ.

ಮಾಮ ನನ್ನ ಕಡೆ ತಿರುಗಿದರು. "ನೀನು ಇದೇ ಲೈನಿನಲ್ಲಿ ಇರುವವಳಲ್ವಾ, ಹೇಳು ಮಗಾ. ಇದನ್ನು ಮಾಡಿದವ ಒಂದು ದಿನವಾದ್ರೂ ಆ ಕಥೆ ಓದಿದ್ದಾನಾ?"

"ಓದಿರಬಹುದು" ಎಂದೆ.

"ಓದಿದವ ಮೀಸೆ ತೆಗೀತಾನಾ?"

"ಏನಾದ್ರೂ ಕಾರಣ ಇರ್ತದೆ ಮಾಮ."

"ಎಂತ ಕಾರಣ? ಅದು ಮೀಸೆ ಅಲ್ಲ ಮಾರಾಯ್ತಿ, ಅದೇ ಅವ!"

ನಾನು ಬ್ಯಾಗಿನ ಜಿಪ್ ಎಳೆಯುತ್ತಾ ನಿಂತೆ. ಸೆಕ್ರೆಟರಿ ಒಂದು ಬ್ಯಾನರ್ ಬೇಕೆಂದ. ಮಾಮನೇ ಸಾಲು ಹೇಳಿದರು, ತಾವೇ ಕಂಪ್ಯೂಟರಿನಲ್ಲಿ ಕೂಡಿಸಿದರು, ಹಣ ಬೇಡವೆಂದರು. ಮಧ್ಯಾಹ್ನದೊಳಗೆ ಜಂಕ್ಷನ್ನಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ತೂಗಿತು: ಮೀಸೆ ಇಲ್ಲದ ತಾಮ್ರಮುಖ ನಮಗೆ ಬೇಡ. ಕೆಳಗೆ ಸಣ್ಣದಾಗಿ, ಅಭಿಮಾನಿಗಳು. ಬಸ್ಸಿನಲ್ಲಿ ಹೋಗುವವರಿಗೂ ಓದಲು ಬರುವಷ್ಟು ದಪ್ಪ ಅಕ್ಷರ.

ಮದುವೆ ಮನೆಯಲ್ಲಿ ನನಗೆ ಊಟ ಸೇರಲಿಲ್ಲ. ಬೇರೆ ಯಾರು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಮದುವೆಯ ಮರುದಿನ ಯಾವುದೋ ಸಿನೆಮಾ ಪುಟದಲ್ಲಿ ರೂಪ ಬರೆದವರ ಹೆಸರುಗಳು ಹೊರಬಿದ್ದವು. ನನ್ನ ಹೆಸರು, ಊರು, ಕಾಲೇಜಿನ ಹಳೆಯ ಫೋಟೋ. ಸಂಜೆಯೊಳಗೆ ನನ್ನ ಫೋನು ಹಿಡಿಯಲಾರದಷ್ಟು ಸಂದೇಶಗಳು. ಹೆಂಗಸಿಗೆ ಮೀಸೆಯ ಬೆಲೆ ಏನು ಗೊತ್ತು ಎಂಬುದು ಅವುಗಳಲ್ಲಿ ತೀರಾ ಮರ್ಯಾದೆಯದ್ದು. ಉಳಿದದ್ದನ್ನು ಬರೆಯುವುದಿಲ್ಲ. ಫೋನು ಆಫ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ.

ಅದರ ಮರುದಿನ ಬೆಳಿಗ್ಗೆ ಬೋರ್ಡ್ ಮಾಮ ನಮ್ಮ ಜಗಲಿಯಲ್ಲಿದ್ದರು. ಅಂಗಡಿಯ ಹೊತ್ತಿನಲ್ಲಿ ಅವರು ಬೇರೆಲ್ಲೂ ಹೋದದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಚಾ ಕೊಟ್ಟಳು. ಲೋಟ ಕೈಯಲ್ಲೇ ಉಳಿಯಿತು.

"ನೀನೇ ಮಾಡಿದ್ದಾ?"

"ಹೌದು ಮಾಮ."

"ಮೀಸೆ ನಿರ್ದೇಶಕ ತೆಗೆಸಿದ್ದಾ?"

ಹೌದೆಂದಿದ್ದರೆ ಮುಗಿಯುತ್ತಿತ್ತು. "ಇಲ್ಲ, ನಾನೇ ತೆಗೆದದ್ದು. ಈಗಲೂ ಅದು ಸರಿಯೇ ಅಂತ ನನಗೆ ಅನ್ನಿಸ್ತದೆ."

ಅವರು ತಲೆಯಾಡಿಸಿದರು. "ನನಗೆ ಅನ್ನಿಸುವುದಿಲ್ಲ. ಅವತ್ತು ಹೇಳಿದ್ದು ಇವತ್ತೂ ಹೇಳ್ತೇನೆ. ಆದ್ರೆ ಮಗಾ, ನೀನು ಅಂತ ಗೊತ್ತಿದ್ರೆ ನಿನ್ನ ಹತ್ರ ಹೇಳ್ತಿದ್ದೆ. ಪೇಟೆಯಲ್ಲಿ ಹೇಳ್ತಿರ್ಲಿಲ್ಲ."

ಅಮ್ಮ ಬಾಗಿಲಲ್ಲಿ ನಿಂತು, "ಹಾಗಾದ್ರೆ ಆ ಬ್ಯಾನರ್ ತೆಗೀರಿ" ಎಂದಳು.

ಅವರು, "ಇವಳು ಹೇಳಿದ್ರೆ ತೆಗೀತೇನೆ" ಎಂದು ನನ್ನ ಮುಖ ನೋಡಿದರು. ತೆಗೆಯಿರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬೇಡ, ಇರಲಿ ಎಂದೆ. ಆಮೇಲೆ ಅವರು ಚಾ ಕುಡಿದರು. ಹೊರಡುವಾಗ "ಹೊಟ್ಟೆ ಇಳಿಸಿದ್ದು ಪರವಾಗಿಲ್ಲ" ಎಂದರು.

ನಾನು ಕೊಚ್ಚಿಗೆ ಮರಳಿದ ಮೇಲೆ ನಡೆದದ್ದನ್ನು ಅಮ್ಮ ಫೋನಿನಲ್ಲಿ ಹೇಳಿದಳು. ಅಂಗನವಾಡಿಯ ಕಾರ್ಯಕ್ರಮದ ಬ್ಯಾನರಿಗೆಂದು ಅವಳು ಅಂಗಡಿಯಲ್ಲಿ ಕೂತಿದ್ದಾಗ ಸೆಕ್ರೆಟರಿ ಇಬ್ಬರ ಜೊತೆ ಪೆನ್‌ಡ್ರೈವ್ ತಂದನಂತೆ. ಅಮ್ಮನ ಗುರುತು ಅವನಿಗಿರಲಿಲ್ಲ. ಮಾಮ ತೆರೆದು ನೋಡಿದರೆ ಪರದೆಯ ತುಂಬ ನನ್ನ ಫೋಟೋ. ಅದಕ್ಕೆ ಮೀಸೆ ಬರೆದು, ಕೆಳಗೆ ಒಂದು ಹೊಲಸು ಮಾತು ಹಾಕಿದ್ದರು. ಅಮ್ಮ ಎದ್ದು ನಿಂತಳಂತೆ. ಮಾಮ ಕೈಸನ್ನೆಯಲ್ಲೇ ಅವಳನ್ನು ಕೂರಿಸಿದರು.

"ಇದು ಆಗ್ಲಿಕ್ಕಿಲ್ಲ."

"ಯಾಕೆ ಪೈಂಟರಣ್ಣ? ಮೊನ್ನೆಯದ್ದು ನೀವೇ ಅಲ್ವಾ ಬರೆದದ್ದು?"

"ಮೊನ್ನೆಯದ್ದು ತಾಮ್ರಮುಖನಿಗೆ. ಅವನಿಗೆ ಎಷ್ಟು ಬೇಕಾದ್ರೂ ಬೈಯಿ, ನಾನೂ ಸೇರ್ತೇನೆ. ಇವಳಿಗೆ ಬೈಲಿಕ್ಕೆ ನಿನಗೆ ಎಂತ ಅಧಿಕಾರ ಉಂಟು?"

"ಅವಳೇ ಅಲ್ವಾ ಹಾಳು ಮಾಡಿದ್ದು?"

"ಚಿತ್ರ ಹಾಳಾದ್ರೆ ಇನ್ನೊಂದು ಬರೀಲಿಕ್ಕೆ ಆಗ್ತದೆ. ಇದನ್ನು ಜಂಕ್ಷನ್ನಿನಲ್ಲಿ ಕಟ್ಟಿದ ಮೇಲೆ ಅವಳು ಈ ಪೇಟೆಯಲ್ಲಿ ಬಸ್ಸಿಳಿಯುವುದು ಹೇಗೆ? ಅವಳ ಅಮ್ಮ ಇಲ್ಲಿಯೇ ಕೂತಿದ್ದಾರೆ. ಅವರ ಹತ್ರ ಕೇಳು, ಪ್ರಿಂಟ್ ಮಾಡ್ಲಾ ಅಂತ."

ಮೂವರೂ ಅಮ್ಮನ ಕಡೆ ನೋಡಿದರು. ಯಾರೂ ಕೇಳಲಿಲ್ಲ. ಸೆಕ್ರೆಟರಿ, "ನಮ್ಮ ಸಂಘದ ಕೆಲಸ ಇನ್ನು ನಿಮಗೆ ಇಲ್ಲ" ಎಂದು ಪೆನ್‌ಡ್ರೈವ್ ಕಿತ್ತುಕೊಂಡು ಹೋದ. ಫುಟ್ಬಾಲ್ ಪಂದ್ಯ, ಓಣಂ, ಹೊಸ ಸಿನೆಮಾ ಎಂದು ವರ್ಷವಿಡೀ ಬರುತ್ತಿದ್ದ ಕೆಲಸ ಅದು. ಆ ಫೋಟೋದ ಬ್ಯಾನರ್ ಮಾತ್ರ ಎಲ್ಲೂ ಏಳಲಿಲ್ಲ.

ಅದೇ ಸಂಜೆ ಮಾಮ ಮಾಳಿಗೆಯಿಂದ ಹಳೆಯ ಡಬ್ಬ, ಕುಂಚ ತೆಗೆದು, ಏಣಿಯಿಟ್ಟು ಹತ್ತಿ, ತಮ್ಮ ಮೊದಲ ಬ್ಯಾನರಿನಲ್ಲಿ ಅಭಿಮಾನಿಗಳು ಎಂಬುದಕ್ಕೆ ಬಿಳಿ ಬಣ್ಣ ಬಳಿದರು. ಅದರ ಮೇಲೆ ತಮ್ಮ ಹೆಸರನ್ನೂ ಅಂಗಡಿಯ ಹೆಸರನ್ನೂ ಬರೆದರು. ಕೆಳಗೆ ಸೇರಿದವರು ಯಾಕೆಂದು ಕೇಳಿದರೆ, "ಹೇಳಿದವ ಯಾರು ಅಂತ ಆ ಹುಡುಗಿಗೆ ಗೊತ್ತಿರ್ಲಿ. ಜವಾಬು ಕೊಡ್ಬೇಕು ಅಂತ ಕಂಡ್ರೆ ಎಲ್ಲಿಗೆ ಹೋಗ್ಬೇಕು ಅವಳು?" ಎಂದರಂತೆ. ಅಮ್ಮ ಅದರ ಫೋಟೋ ಕಳಿಸಿದಳು. ಸ್ಟುಡಿಯೋದಲ್ಲಿ ಬೈಗುಳ ಓದಿ ಓದಿ ಕೆಲಸ ಬಿಡುವ ಯೋಚನೆಯಲ್ಲಿದ್ದೆ. ಆ ಬಿಳಿ ಪಟ್ಟಿಯ ಮೇಲಿನ ಕೈಬರಹ ನೋಡಿ ಬಾತ್ರೂಮಿಗೆ ಹೋಗಿ ಅತ್ತೆ. ಮರುದಿನ ಕೆಲಸಕ್ಕೆ ಕೂತೆ.

ಸಿನೆಮಾ ಬಂದಾಗ ರಜೆ ಹಾಕಿ ಬಂದು, ಅವರನ್ನು ಕಾಸರಗೋಡಿನ ಥಿಯೇಟರಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ತಾಮ್ರಮುಖ ಪರದೆಗೆ ಬಂದಾಗೆಲ್ಲ ಮುಂದಿನ ಸೀಟಿಗೆ ಕೈಯೂರಿ ಬಾಗುತ್ತಿದ್ದರು. ಹೊರಗೆ ಬಂದು ಜ್ಯೂಸ್ ಅಂಗಡಿಯಲ್ಲಿ ಕೂತೆವು.

"ಮೀಸೆ ಇರ್ಬೇಕಿತ್ತು" ಎಂದರು.

ನಾನು ನಕ್ಕೆ.

"ನಗ್ಬೇಡ. ಆ ಕಣ್ಣು ನೀನೇ ಮಾಡಿದ್ದಾ, ಅಲ್ಲ ನಟನದ್ದೇ ಹಾಗೆಯಾ?"

"ನಾನೇ. ಕಣ್ಣಿನ ಸುತ್ತ ತಾಮ್ರ ಕರಗಿ ಇಳಿದ ಹಾಗೆ ಬರೆದಿದ್ದೆ."

"ಅದು ಚೆನ್ನಾಗಿತ್ತು. ಸೋಲ್ತೇನೆ ಅಂತ ಅವನಿಗೆ ಗೊತ್ತುಂಟು ಅಂತ ಆ ಕಣ್ಣಿನಲ್ಲಿ ಕಾಣ್ತದೆ."

ಸಿನೆಮಾ ಹೆಚ್ಚು ದಿನ ಓಡಲಿಲ್ಲ. ಮೀಸೆಯ ಬಗ್ಗೆ ಅಷ್ಟು ಕೂಗಿದವರು ಮುಂದಿನ ತಿಂಗಳು ಇನ್ಯಾವುದೋ ಪೋಸ್ಟರಿಗೆ ಹೋಗಿದ್ದರು. ಜಂಕ್ಷನ್ನಿನ ಬ್ಯಾನರ್ ಮಳೆಗೆ ಹರಿದು ತಾನಾಗಿ ಬಿತ್ತು. ಹೆದ್ದಾರಿ ಅಗಲವಾಗುವಾಗ ಅಂಗಡಿಯ ಕಟ್ಟಡವೂ ಹೋಯಿತು. ಅವರು ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದರು. ಸಂಘದ ಕೆಲಸ ವರ್ಷದ ಮೇಲೆ ನಿಧಾನವಾಗಿ ಮರಳಿತು. ಯಾರೂ ಕ್ಷಮೆ ಕೇಳಲಿಲ್ಲ, ಅವರೂ ಕೇಳಿಸಿಕೊಳ್ಳಲು ಕಾಯಲಿಲ್ಲ. ನಾನು ಹೊಸದೇನು ಬರೆದರೂ, ಹೊರಗೆ ಬಂದ ಮೇಲೆ, ಅವರಿಗೆ ಕಳಿಸುತ್ತಿದ್ದೆ. ಹೆಚ್ಚಿನದಕ್ಕೆ ಉತ್ತರ, "ಇದು ಸರಿ ಬರ್ಲಿಲ್ಲ." ಯಾಕೆ ಎಂದು ಫೋನು ಮಾಡುತ್ತಿದ್ದೆ.

ಕಳೆದ ವರ್ಷ ಎದೆನೋವೆಂದು ಮಂಗಳೂರಿಗೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಸುದ್ದಿ ತಿಳಿದು ನಾನು ರೈಲು ಹತ್ತುವುದರಲ್ಲಿದ್ದಾಗ ಪರಿಚಯವಿಲ್ಲದ ನಂಬರಿನಿಂದ ಕರೆ ಬಂತು. ಆ ಸೆಕ್ರೆಟರಿ.

"ಅಕ್ಕಾ, ಪೈಂಟರಣ್ಣನ ಬ್ಯಾನರ್ ಮಾಡ್ಬೇಕು. ಊರಿನಲ್ಲಿ ಯಾರು ಸತ್ರೂ ಅವರೇ ಮಾಡಿದ್ದು. ಈಗ ನಮಗೆ ಕೇಳ್ಲಿಕ್ಕೆ ಜನ ಇಲ್ಲ. ನೀವು ಮಾಡಿ ಕೊಡ್ತೀರಾ?"

ಹೌದೆಂದೆ. ಹಳೆಯದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರೈಲಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಥಿಯೇಟರಿನ ಹೊರಗೆ ನಾನು ತೆಗೆದ ಅವರ ಫೋಟೋ ಹಾಕಿ, ಹೆಸರು ಬರೆದು ಕಳಿಸಿದೆ. ಕಣ್ಣೂರು ದಾಟುವಾಗ ಮತ್ತೆ ಅವನ ಫೋನು.

"ಅಕ್ಕಾ, ಬೇಜಾರು ಮಾಡ್ಬೇಡಿ. ಫೋಟೋ ಒಳ್ಳೆದುಂಟು. ಅಕ್ಷರ ಸಪೂರ ಆಯ್ತು."

ನಾನು ಅಕ್ಷರ ದಪ್ಪ ಮಾಡಿ ಮತ್ತೆ ಕಳಿಸಿದೆ.