ದೊಡ್ಡಮಾವನ ಆಸ್ಪತ್ರೆ

ದೊಡ್ಡಮಾವನ ಹುಬ್ಬುಗಳಲ್ಲಿ ಸದಾ ತೌಡಿನ ಹುಡಿ ಕೂತಿರುತ್ತಿತ್ತು. ಅಕ್ಕಿ ಗಿರಣಿಯ ಬಾಗಿಲಲ್ಲಿ ದಿನವಿಡೀ ಕುರ್ಚಿ ಹಾಕಿಕೊಂಡು ಕೂರುವವರಿಗೆ ಅದು ಸಹಜ. ಆದರೆ ತಲೆಗೂದಲು ಕಪ್ಪಾಗಿದ್ದು ಹುಬ್ಬು ಮಾತ್ರ ನರೆತಂತೆ ಕಾಣುತ್ತಿದ್ದುದರಿಂದ ಅವರ ಮುಖಕ್ಕೆ ವಯಸ್ಸಿಗೆ ಮೀರಿದ ಹಿರಿತನ ಬಂದುಬಿಟ್ಟಿತ್ತು. ಎದುರು ನಿಂತವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಸ್ನಾನ ಮಾಡಿ ಬಂದ ಮಾವ ಬೇರೆ ಯಾರೋ ಅನ್ನಿಸುತ್ತಿತ್ತು. ಅಥವಾ ಹಾಗೆ ಅನ್ನಿಸುತ್ತಿತ್ತೆಂದು ನನಗೆ ಈಗ ಅನ್ನಿಸುತ್ತಿದೆಯೋ ಏನೋ. ಅವರ ಬಗ್ಗೆ ನನಗಿರುವ ನೆನಪಿನಲ್ಲಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಹುಟ್ಟಿದ ಅಸಹ್ಯ ಸೇರಿಸಿದ್ದೆಷ್ಟು ಎಂದು ಬೇರ್ಪಡಿಸಲು ಹೋಗಿ ಸೋತಿದ್ದೇನೆ.

ಅವರು ನನ್ನ ತಾಯಿಯ ಹಿರಿಯಣ್ಣ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಕರೆದುಕೊಂಡು ಬಂದು ಸಾಕಿದವರು. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿದ್ದು ಅವರ ದುಡ್ಡಿನಲ್ಲಿ. ರಜೆಗೆ ಬಂದಾಗ ನನ್ನ ತಟ್ಟೆಗೆ ತಾವೇ ತುಪ್ಪ ಬಡಿಸಿ, 'ಮೈಸೂರಲ್ಲಿ ನಿಂಗೆ ಎಂತ ಹಾಕ್ತಾರೋ ಮಾರಾಯ, ಎಲುಬು ಕಾಣ್ತದೆ' ಅನ್ನುತ್ತಿದ್ದರು. ಇಂಥವರ ಬಗ್ಗೆ ಕಟುವಾಗಿ ಬರೆಯುವುದು ಸುಲಭವಲ್ಲ. ಬರೆಯದೆ ಇರುವುದೂ ಆಗುತ್ತಿಲ್ಲ.

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅರವತ್ತರ ದಶಕದ ಮೊದಲಲ್ಲಿ ಅಲ್ಲೊಂದು ಸರ್ಕಾರಿ ಆಸ್ಪತ್ರೆ ಬಂತು. ಅದಕ್ಕಾಗಿ ಮಾವ ಓಡಾಡಿದ್ದು ನಿಜ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು ತೊಟ್ಟು, ಎಷ್ಟೋ ಸಲ ಶಿವಮೊಗ್ಗದ ಕಚೇರಿಗಳ ಬೆಂಚಿನ ಮೇಲೆ ಕಾದು ಕೂತಿದ್ದರು. ಗಿರಣಿಯ ಪಕ್ಕದಲ್ಲಿ ಏನೂ ಬೆಳೆಯದ ಜಂಬಿಟ್ಟಿಗೆಯ ಜಾಗವೊಂದಿತ್ತು, ಅದನ್ನು ಬರೆದುಕೊಟ್ಟರು. ಉಳಿದದ್ದೆಲ್ಲ ಸರ್ಕಾರದ್ದು. ಗೋಡೆ, ಹೆಂಚು, ಮಂಚ, ಔಷಧಿ, ಡಾಕ್ಟರ ಸಂಬಳ, ಬಾಗಿಲು ಗುಡಿಸುವವಳ ಸಂಬಳ. ಆದರೆ ಉದ್ಘಾಟನೆಯ ದಿನ ಜರಿ ಶಾಲು ಹೊದ್ದು ನಡುವೆ ನಿಂತವರು ಮಾವ. ಅಂದಿನಿಂದ ಅದು 'ಸಾವ್ಕಾರ್ರ ಆಸ್ಪತ್ರೆ' ಆಯಿತು. ಅಲ್ಲ ಎಂದು ಮಾವ ಒಮ್ಮೆಯೂ ಹೇಳಲಿಲ್ಲ.

ಜ್ವರವೋ ಹೊಟ್ಟೆನೋವೋ ಬಂದವರಲ್ಲಿ ಹೆಚ್ಚಿನವರು ನೇರವಾಗಿ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಮೊದಲು ಗಿರಣಿಗೆ ಬರುತ್ತಿದ್ದರು. ಕೈಯಲ್ಲಿ ಒಂದು ಸೌತೆಕಾಯಿ, ಇಲ್ಲವೆ ಒಂದು ಚಿಪ್ಪು ಬಾಳೆಹಣ್ಣು. ಒಬ್ಬಳು ಮುದುಕಿ ಬಂದದ್ದು ನನ್ನ ಕಣ್ಣಮುಂದಿದೆ.

'ಎಂತ ಆಯ್ತೇ?'

'ಜ್ವರ, ಸಾವ್ಕಾರ್ರೆ. ಬಿಡೂದೇ ಇಲ್ಲ. ತಮ್ಮ ಅಪ್ಪಣೆ ಆದ್ರೆ ಒಂಚೂರು ಔಷ್ದಿ ಕುಡೀತೀನಿ.'

ಮಾವ ಅವಳ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. ಅವರಿಗೆ ನಾಡಿ ನೋಡಲು ಬರುತ್ತಿರಲಿಲ್ಲ. 'ಹೋಗು. ನಾನು ಕಳ್ಸಿದೆ ಅಂತ ಹೇಳು, ಒಳ್ಳೇದು ಕೊಡ್ತಾರೆ' ಅಂದರು. ಮುದುಕಿ ಅರ್ಧ ಗುಣವಾದವಳಂತೆ ನಡೆದುಹೋದಳು.

ಡಾಕ್ಟರು ಬಯಲುಸೀಮೆಯ ತರುಣ. ಇರಲು ಬೇರೆ ಮನೆ ಸಿಗದೆ ಮಾವನ ಹಳೆಯ ಮನೆಯಲ್ಲೇ ಬಾಡಿಗೆಗಿದ್ದರು. 'ಮಿಕ್ಸ್ಚರ್ ಇರೋದೇ ಒಂದು ಜಾಡಿ ಕಣ್ರೀ. ಅದರಲ್ಲಿ ಒಳ್ಳೇದು ಬೇರೆ, ಕೆಟ್ಟದ್ದು ಬೇರೆ ಎಲ್ಲಿಂದ ತರ್ಲಿ?' ಎಂದು ನನ್ನ ಹತ್ತಿರ ನಗುತ್ತಿದ್ದರು. ಆಮೇಲಾಮೇಲೆ ನಗುವುದನ್ನು ಬಿಟ್ಟರು. ಮಾವನ ಹೆಸರು ಹೇಳಿಕೊಂಡು ಬಂದವರು ಔಷಧಿಯನ್ನು ಪೂರ್ತಿ ಕುಡಿಯುತ್ತಿದ್ದರು. ಉಳಿದವರು ಇದು ಬಣ್ಣದ ನೀರು ಎಂದು ದಾರಿಯಲ್ಲೇ ಚೆಲ್ಲಿ ಬಾಟಲಿ ತೊಳೆದಿಟ್ಟುಕೊಳ್ಳುತ್ತಿದ್ದರು. ಪುಕ್ಕಟೆ ಕೊಟ್ಟದ್ದು ಯಾರದೋ ಧರ್ಮವೇ ಆಗಿರಬೇಕು, ಧರ್ಮ ಮಾಡುವವರ ಮುಖ ನೋಡದೆ ಇಸಿದುಕೊಂಡರೆ ಅದು ದಕ್ಕುವುದಿಲ್ಲ ಎಂದು ಇಡೀ ಊರು ನಂಬಿತ್ತು. ಗುಣವಾದವರು ಗಿರಣಿಯಲ್ಲಿ ಭತ್ತದ ಗಾಡಿಗಳು ಬಂದಾಗ ಕರೆಯದೆಯೇ ಬಂದು ಮೂಟೆ ಇಳಿಸುತ್ತಿದ್ದರು. ಕೂಲಿ ಕೇಳುತ್ತಿರಲಿಲ್ಲ. ಮಾವ ಕೊಡುತ್ತಲೂ ಇರಲಿಲ್ಲ. ಬೆನ್ನು ಬಾಗಿಸಿ ಮೂಟೆ ಹೊರುತ್ತಿದ್ದವರನ್ನು ನೋಡಿಯೇ ನನಗೆ ಮೊದಲ ಸಲ ಅನ್ನ ಸೇರದೆ ಹೋದದ್ದು.

ಒಂದು ರಜೆಯಲ್ಲಿ ತಡೆಯಲಾರದೆ ಮಾತೆತ್ತಿದೆ. ಮಾವ ಬೀಡಿ ಹಚ್ಚಲು ಬೆಂಕಿಪೆಟ್ಟಿಗೆ ತೆಗೆದಿದ್ದರು. ಅದನ್ನು ಅವರ ಕೈಯಿಂದ ತೆಗೆದುಕೊಂಡು, 'ಮಾವ, ಇಲ್ಲಿ ಅಂಟಿಸಿದ ಪಟ್ಟಿ ನೋಡಿ. ಇದು ಸುಂಕದ್ದು. ಮೂಟೆ ಹೊರೋನೂ ಪೆಟ್ಟಿಗೆ ಕೊಳ್ಳೋವಾಗ ಇದನ್ನ ಕೊಟ್ಟೇ ಕೊಳ್ತಾನೆ. ಸೀಮೆಎಣ್ಣೆಗೆ ಕೊಡ್ತಾನೆ, ಸಕ್ಕರೆಗೆ ಕೊಡ್ತಾನೆ. ಆಸ್ಪತ್ರೆ ನಡೀತಾ ಇರೋದು ಇಂಥದ್ರಿಂದ. ಧರ್ಮ ಎಲ್ಲಿಂದ ಬಂತು?' ಅಂದೆ.

ಮಾವ ಪೆಟ್ಟಿಗೆ ವಾಪಸು ಇಸಿದುಕೊಂಡು ಕಡ್ಡಿ ಗೀರಿದರು. ಒಂದು ದಮ್ಮು ಎಳೆದು, 'ಹಂಗಾದ್ರೆ ಎಲ್ರೂ ಬೀಡಿ ಸೇದ್ತಾ ಇರ್ಲಿ, ಆಸ್ಪತ್ರೆ ಚೆನ್ನಾಗಿ ನಡೀಲಿ' ಎಂದು ಕೆಮ್ಮುವವರೆಗೂ ನಕ್ಕರು. ಅಲ್ಲಿದ್ದ ಆಳುಗಳೂ ನಕ್ಕರು. 'ತಮ್ಮಾ, ಪುಸ್ತಕದಾಗೆ ಇರೋದು ಪುಸ್ತಕದಾಗೆ ಇರ್ಲಿ. ಶಿವಮೊಗ್ಗದ ಬೆಂಚಿನ ಮೇಲೆ ಕೂತೋನು ನಾನು. ಈ ಬೆಂಕಿಪೆಟ್ಟಿಗೆ ಅಲ್ಲ.'

ಓಡಾಡಿದ್ದಕ್ಕೆ ಹೆಸರು ಬೇಡವೇ? ಬೇಕು. ಆದರೆ ಓಡಾಡಿ ತಂದದ್ದನ್ನು ಕೈಯೆತ್ತಿ ಕೊಟ್ಟಂತೆ ನಟಿಸುವುದು, ನಟಿಸುತ್ತ ನಟಿಸುತ್ತ ತಾನೇ ನಂಬಿಬಿಡುವುದು ಇದೆಯಲ್ಲ, ಅದನ್ನು ನೆನೆದರೆ ನನಗೆ ಇಂದಿಗೂ ಬಾಯಿ ಕಹಿಯಾಗುತ್ತದೆ.

ಇದರ ಇನ್ನೊಂದು ಮುಖವನ್ನು ಸಾಗರದಲ್ಲಿ ಕಂಡೆ. ಅಲ್ಲಿ ನಮ್ಮ ನೆಂಟರೊಬ್ಬರ ಪಾತ್ರೆ ಅಂಗಡಿ. 'ಟ್ಯಾಕ್ಸ್ ಕಟ್ಟೋರು ನಾವು. ಪುಕ್ಕಟೆ ಇಂಜೆಕ್ಷನ್ ಚುಚ್ಚಿಸ್ಕೊಳ್ಳೋರು ಅವ್ರು' ಎಂದು, ಚೌಕಾಸಿ ಮಾಡುತ್ತಿದ್ದ ಕೂಲಿ ಹೆಂಗಸೊಬ್ಬಳ ಎದುರಿಗೇ ಹೇಳಿದರು. ಹೇಳುತ್ತಲೇ ಅವಳಿಗೆ ಬಿಲ್ಲಿಲ್ಲದೆ ಬಿಂದಿಗೆ ಮಾರಿದರು. ಬೆಲೆಯಲ್ಲಿ ತೆರಿಗೆ ಸೇರಿಯೇ ಇತ್ತು. ಅದು ಸರ್ಕಾರಕ್ಕೆ ಹೋಗಲಿಲ್ಲ, ಅಷ್ಟೆ. ನಾನು ಅವರು ತರಿಸಿದ್ದ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದುಬಂದೆ. ಕುಡಿದೇ ಬಂದೆನೋ? ಎದ್ದುಬಂದೆ ಎಂದು ನಂಬಲು ಇಷ್ಟ.

ನಮ್ಮೂರಿನಲ್ಲಿ ಒಬ್ಬ ಗಾಡಿಯವನಿದ್ದ. ಸ್ವಂತ ಎತ್ತು, ಸ್ವಂತ ಗಾಡಿ. ಗಿರಣಿಗೆ ಭತ್ತ ತರುವುದು, ಅಕ್ಕಿ ಒಯ್ಯುವುದು ಅವನ ಕೆಲಸ. ಕಡಿಮೆ ಮಾತಿನ, ತುಂಬ ಮಾನದ ಮನುಷ್ಯ. ಪಂಚಾಯಿತಿ ಚುನಾವಣೆಯ ದಿನ ಅವನು ಮಾವನ ಎದುರಾಳಿಯ ಕಡೆಯ ಮತದಾರರನ್ನು ಗಾಡಿಯಲ್ಲಿ ತಂದ. ಮಾವ ಗೆದ್ದರು. ಗೆದ್ದರೂ ಆ ಗಾಡಿ ಅವರ ಕಣ್ಣಿನಿಂದ ಹೋಗಲಿಲ್ಲ. ಮಾರನೆಯ ದಿನ ಗಿರಣಿಯ ಮುಂದೆ, ಎಲ್ಲರೆದುರು ಅವನನ್ನು ನಿಲ್ಲಿಸಿದರು.

'ಏನೋ, ನನ್ನ ಅನ್ನ ಉಂಡು ಅವನಿಗೆ ಗಾಡಿ ಹೊಡೀತೀಯಾ?'

'ಬಾಡಿಗೆ ಅವ್ರು ಮೊದ್ಲು ಹೇಳಿದ್ರು, ಸಾವ್ಕಾರ್ರೆ. ಹೂಂ ಅಂದ್ಬಿಟ್ಟಿದ್ದೆ.'

'ಹಂಗಾದ್ರೆ ಇನ್ಮೇಲೆ ನನ್ನ ಜಾಗದಾಗೆ ನಿನ್ನ ಕಾಲು ಕಾಣ್ಬಾರ್ದು. ತಿಳೀತಾ?'

'ತಿಳೀತು' ಎಂದು ಅವನು ಎತ್ತು ತಿರುಗಿಸಿಕೊಂಡು ಹೋದ. ಸಿಟ್ಟಿನಲ್ಲಿ ಆಡುವ ಮಾತು. ಮಾವ ಅಂಥ ಮಾತನ್ನು ಎಷ್ಟೋ ಜನಕ್ಕೆ ಆಡಿದ್ದರು. ಅವರೆಲ್ಲ ನಾಲ್ಕು ದಿನ ಬಿಟ್ಟು ಸೌತೆಕಾಯಿ ಹಿಡಿದು ಬಂದು ಹಲ್ಲುಗಿಂಜಿದರೆ ಸರಿಹೋಗುತ್ತಿತ್ತು. ಗಾಡಿಯವನು ಬರಲಿಲ್ಲ. ಅವನು ಮಾತನ್ನು ಮಾತಾಗಿಯೇ ತೆಗೆದುಕೊಂಡಿದ್ದ. ಮಾವನ ಜಾಗ ಎಂದರೆ ಗಿರಣಿ, ಮನೆ, ಮತ್ತು ಆಸ್ಪತ್ರೆ.

ಆ ವರ್ಷವೇ ಅವನ ಹೆಂಡತಿಗೆ ಹೆರಿಗೆಯಾಯಿತು. ಮಗು ಚೆನ್ನಾಗಿತ್ತು. ತಾಯಿಗೆ ರಕ್ತ ನಿಲ್ಲಲಿಲ್ಲ. ಅವನು ಗಾಡಿಯಲ್ಲಿ ಹುಲ್ಲು ಹಾಸಿ, ಅವಳನ್ನು ಮಲಗಿಸಿಕೊಂಡು ತೀರ್ಥಹಳ್ಳಿಯ ಕಡೆ ಹೊರಟ. ಆ ದಾರಿ ನಮ್ಮ ಆಸ್ಪತ್ರೆಯ ಮುಂದೆಯೇ ಹಾದುಹೋಗುತ್ತದೆ. ಡಾಕ್ಟರು ವರಾಂಡದಲ್ಲಿ ನಿಂತಿದ್ದರಂತೆ. ಅವಸರದಲ್ಲಿ ಹೋಗುತ್ತಿದ್ದ ಗಾಡಿಯನ್ನು ನೋಡಿದರಂತೆ, ಭತ್ತದ ಗಾಡಿಯೆಂದು ತಿಳಿದರಂತೆ. ತೀರ್ಥಹಳ್ಳಿ ಮುಟ್ಟುವ ಮೊದಲೇ ಅವಳು ಹೋಗಿಬಿಟ್ಟಳು.

'ರಕ್ತ ನಿಲ್ಲಿಸೋ ಇಂಜೆಕ್ಷನ್ ಬೀರುವಿನಲ್ಲೇ ಇತ್ತು ಕಣ್ರೀ' ಎಂದು ಡಾಕ್ಟರು ನನಗೆ ಹೇಳಿದ್ದು ಅವರ ಮನೆಯ ಹಿತ್ತಿಲಲ್ಲಿ. ಉಳಿಯುತ್ತಿದ್ದಳೇ ಎಂದು ಕೇಳಿದೆ. ಬಹುಶಃ ಅಂದರು. ಆ ಬಹುಶಃ ಅವರು ಅಂದದ್ದೋ, ನನ್ನ ನೆನಪು ಅವರ ಬಾಯಲ್ಲಿಟ್ಟದ್ದೋ ಗೊತ್ತಿಲ್ಲ. ಇಂಜೆಕ್ಷನ್ ಬೀರುವಿನಲ್ಲಿತ್ತು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಸುದ್ದಿ ಕೇಳಿದಾಗ ಮಾವ ಊಟಕ್ಕೆ ಕೂತಿದ್ದರು. ಕೈ ಅಲ್ಲಿಗೇ ನಿಂತಿತು. ಅವರ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಬಾರದು. 'ಪೆದ್ದ. ನಂಗೆ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ. ಕೇಳಿದ್ರೆ ನಾ ಬೇಡ ಅಂತಿದ್ನಾ?' ಅಂದರು.

ಅಮ್ಮ ಹೌದೌದು ಅಂದಳು. ಮಾವ ಕ್ರೂರಿಯಾಗಿದ್ದರೆ ಎಷ್ಟೋ ಸುಲಭವಿತ್ತು. ಕೇಳಿದ್ದರೆ ಖಂಡಿತ ಬೇಡ ಅನ್ನುತ್ತಿರಲಿಲ್ಲ, ತಾವೇ ಮುಂದೆ ನಿಂತು ಗಾಡಿಯಿಂದ ಇಳಿಸಿಕೊಳ್ಳುತ್ತಿದ್ದರು. ಯಾರನ್ನೂ ಕೇಳಬೇಕಿಲ್ಲದ ವಸ್ತುವಿಗೆ ತಮ್ಮನ್ನು ಕೇಳಬೇಕಿತ್ತು ಎಂಬುದು ಅವರಿಗೆ ಅಷ್ಟು ಸಹಜವಾಗಿಹೋಗಿತ್ತು. ಅಂದು ನಾನು ಅನ್ನ ಬಿಟ್ಟು ಎದ್ದೆ. ಮುಂದಿನ ತಿಂಗಳು ಹಾಸ್ಟೆಲಿಗೆ ಅವರು ಕಳಿಸಿದ ದುಡ್ಡನ್ನು ಮಾತ್ರ ಇಸಿದುಕೊಂಡೆ.

ಮಾವ ಹೋದದ್ದು ಅದೇ ದಶಕದ ಕೊನೆಯಲ್ಲಿ. ಗಿರಣಿಯ ಕುರ್ಚಿಯಲ್ಲಿ ಕೂತಿದ್ದವರು ಎದೆ ಹಿಡಿದುಕೊಂಡು ಬಾಗಿದರು. ಆಳುಗಳು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಊರಿನಲ್ಲಿ ಉಳಿದವರಿಗೆ ಸಿಗುವ ಮಂಚವೇ ಅವರಿಗೂ ಸಿಕ್ಕಿತು, ಅದೇ ಔಷಧಿ. ಸಂಜೆಯೊಳಗೆ ಹೋದರು. ನಾನು ಮೈಸೂರಿನಿಂದ ಬರುವವರೆಗೂ ದೇಹವನ್ನು ಅಲ್ಲಿಯೇ ಇಟ್ಟಿದ್ದರು. ಅಂಗಳದ ತುಂಬ ಜನ. 'ತಾವು ಕಟ್ಸಿದ ಆಸ್ಪತ್ರೆಲೇ ಪ್ರಾಣ ಬಿಟ್ರು, ಪುಣ್ಯವಂತ್ರು' ಎಂದು ಯಾರೋ ಅಳುತ್ತಿದ್ದರು. ಆ ಮಾತು ಕೇಳಲಾರದೆ ಹೊರಗೆ ಬಂದೆ.

ಗಾಡಿಯವನು ರಸ್ತೆಯಲ್ಲಿ ಎತ್ತು ನಿಲ್ಲಿಸಿಕೊಂಡು ನಿಂತಿದ್ದ. ಆಸ್ಪತ್ರೆಯ ಅಂಗಳಕ್ಕೆ ಅವನು ಕಾಲಿಟ್ಟಿರಲಿಲ್ಲ. 'ಒಳಗೆ ಬಾ' ಅಂದೆ.

'ಬ್ಯಾಡ ಸಣ್ಣಯ್ಯ. ಅವ್ರ ಜಾಗ.'

ನನಗೆ ತಡೆಯಲಾಗಲಿಲ್ಲ. ಅಲ್ಲಿಯೇ, ಹೆಣ ಹೊರಗೆ ಬರುವ ಮೊದಲೇ, ಎಲ್ಲ ಹೇಳಿಬಿಟ್ಟೆ. ಈ ಜಾಗ ಅವರು ಬರೆದುಕೊಟ್ಟ ದಿನದಿಂದಲೇ ಅವರದಲ್ಲ ಎಂದೆ. ಇದಕ್ಕೆ ಅವರು ಕೈಯಿಂದ ಕಾಸು ಹಾಕಿಲ್ಲ, ನೀನು ಸಂತೆಯಲ್ಲಿ ಕೊಂಡುಕೊಂಡ ಒಂದೊಂದು ಸಾಮಾನಿನಲ್ಲೂ ಇದಕ್ಕೆ ಕೊಟ್ಟಿದ್ದೀಯ, ಇದು ಎಷ್ಟು ಅವರದ್ದೋ ಅಷ್ಟೇ ನಿನ್ನದು ಎಂದೆ. ಇಷ್ಟು ಚೆನ್ನಾಗಿ ನಾನು ಅದನ್ನು ಯಾವ ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಅವನು ಎತ್ತಿನ ಕುತ್ತಿಗೆ ಸವರುತ್ತ ಕೇಳಿಸಿಕೊಂಡ.

'ಖರೇನಾ?'

'ಖರೆ.'

'ಹಂಗಂದ್ರೆ ಅವತ್ತು ನಾನು ಅವ್ಳನ್ನ ನನ್ನ ಆಸ್ಪತ್ರೆ ಮುಂದಿಂದನೇ ಹೊಡ್ಕೊಂಡು ಹೋದೆ.'

ಅದು ನಿನ್ನ ತಪ್ಪಲ್ಲ ಎಂದು ಹೇಳಹೊರಟೆ.

'ಬ್ಯಾಡ ಸಣ್ಣಯ್ಯ' ಅಂದ ಅವನು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವಂತೆ. 'ಅದು ಅವ್ರದ್ದೇ ಇರ್ಲಿ ಬಿಡಿ.'

ಒಳಗಿನಿಂದ ಮಾವನನ್ನು ಹೊತ್ತುಕೊಂಡು ಬಂದರು. ಅವನು ಎತ್ತುಗಳನ್ನು ರಸ್ತೆಯ ಬದಿಗೆ ಹೊಡೆದು, ತಲೆಯ ಮೇಲಿನ ಬಟ್ಟೆ ತೆಗೆದು, ದಾರಿ ಬಿಟ್ಟು ನಿಂತ.